ಕೊನೆಯ ಬಸ್ಸಿನ ಎಣಿಕೆ

ಹದಿಮೂರು ವರ್ಷಗಳ ಹಿಂದೆ, ನಮ್ಮ ಪ್ರವಾಸದ ಮೂರನೇ ಕೋಟೆಯ ಹೆಬ್ಬಾಗಿಲ ಮುಂದೆ ನಿಂತು ಅಲ್ಲಿನ ಕಾವಲುಗಾರ ಬೀಗದಣ್ಣನಿಗೆ ನಾನೊಂದು ಮಾತು ಕೊಟ್ಟಿದ್ದೆ.

ಆಗ ನನಗೆ ಗೈಡ್ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಒಂದು ಸಂಜೆ ನನ್ನ ಬಸ್ಸಿನ ಹೆಂಗಸೊಬ್ಬರು ಕಾಣೆಯಾದರು. ಬೀಗದಣ್ಣ ಟಾರ್ಚ್ ಹಿಡಿದು ಕೋಟೆಯನ್ನೆಲ್ಲ ಜಾಲಾಡಿದರು. ಬುರುಜಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿ ಮುರಿದುಕೊಂಡರು. ಆ ಹೆಂಗಸು ಬಸ್ಸಿನ ಹಿಂದಿನ ಸೀಟಿನಲ್ಲಿ ತಲೆತನಕ ಶಾಲು ಹೊದ್ದು ಮಲಗಿದ್ದರು. ನಾನು ಅವರನ್ನು ಎಣಿಸಿಯೇ ಇರಲಿಲ್ಲ.

ಒಂದೂವರೆ ತಿಂಗಳ ನಂತರ ಬೀಗದಣ್ಣ ಕೋಲೂರಿಕೊಂಡು ಕೆಲಸಕ್ಕೆ ಬಂದಾಗ ನಾನೇ ಹೋಗಿ ಹೇಳಿದೆ.

"ಅಣ್ಣ, ಇನ್ಮೇಲೆ ನೀವು ಹತ್ತಿ ಇಳಿಯೋದು ಬೇಡ. ಹೇಗಿದ್ರೂ ಕೊನೆಗೆ ಹೊರಡೋದು ನಮ್ಮ ಬಸ್ಸೇ. ಎಣಿಸಿ, ಸರಿ ಇದ್ರೆ ಕೈ ಎತ್ತುತ್ತೀನಿ. ನೀವು ಬೀಗ ಹಾಕಿ."

"ಎಣಿಕೆ ತಪ್ಪಿದ್ರೆ?"

"ತಪ್ಪಿದ್ರೆ ಆ ತಪ್ಪು ನನ್ನದು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

"ಚಿಕ್ಕವಳು ನೀನು. ಮಾತು ಸಲೀಸಾಗಿ ಬರುತ್ತೆ," ಎಂದು ನಕ್ಕರು.

"ಮಾತು ಕೊಟ್ಟಿದ್ದೀನಿ ಅಣ್ಣ."

ಅವರ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಹೆಬ್ಬಾಗಿಲ ಕೀಲಿಕೈ ಮೊಣಕೈಯಷ್ಟು ಉದ್ದವಿತ್ತು. ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಓಡಾಡುತ್ತಿದ್ದರಿಂದ ಬೀಗದಣ್ಣ. ನಿಯಮದ ಪ್ರಕಾರ ಅವರು ಪ್ರತಿ ಸಂಜೆ ಇಡೀ ಕೋಟೆಯನ್ನು ಒಂದು ಸುತ್ತು ನೋಡಿ, ಒಳಗೆ ಯಾರೂ ಇಲ್ಲವೆಂದು ಪುಸ್ತಕದಲ್ಲಿ ಸಹಿ ಮಾಡಿ, ಆಮೇಲೆ ಬೀಗ ಹಾಕಬೇಕು. ಹದಿಮೂರು ವರ್ಷ ಅವರು ಸಹಿ ಮಾಡಿದರು, ಸುತ್ತಲಿಲ್ಲ. ಊರಿಂದ ದೂರದ ಕೋಟೆ ಅದು. ನಮ್ಮಂಥ ಬಸ್ಸುಗಳನ್ನು ಬಿಟ್ಟರೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಲಗೈ ಎತ್ತುತ್ತಿದ್ದೆ, ಅವರು ಬಾಗಿಲು ಎಳೆಯುತ್ತಿದ್ದರು. ಒಂದು ದಿನವೂ ಎಡವಟ್ಟಾಗಿರಲಿಲ್ಲ.

ನಮ್ಮ ಕಂಪನಿಯ ಪ್ರವಾಸಕ್ಕೆ 'ಒಂದು ದಿನ, ಮೂರು ಕೋಟೆ' ಎಂದು ಹೆಸರು. ಬೆಳಿಗ್ಗೆ ಆರೂವರೆಗೆ ದೊಡ್ಡ ರೈಲು ನಿಲ್ದಾಣದ ಎದುರಿನಿಂದ ಹೊರಟು, ಮೊದಲು ಹೊಳೆ ಕೋಟೆ, ಊಟಕ್ಕೆ ಮುಂಚೆ ಗುಡ್ಡದ ಕೋಟೆ, ಕೊನೆಗೆ ಉಗ್ರಾಣದ ಕೋಟೆ. ಕೊನೆಯದರಲ್ಲಿ ನೆಲದಡಿ ಧಾನ್ಯ ತುಂಬಿಡುತ್ತಿದ್ದ ದೊಡ್ಡ ಉಗ್ರಾಣವಿದೆ. ಹತ್ತೊಂಬತ್ತು ಮೆಟ್ಟಿಲು ಇಳಿದು ಹೋಗಬೇಕು. ಮೈಕ್ ಹಿಡಿದು ಇಷ್ಟು ವರ್ಷ ರಾಜರು, ಮುತ್ತಿಗೆ, ದ್ರೋಹ ಎಂದೆಲ್ಲ ಹೇಳಿದ್ದೇನೆ. ಜನ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಶೌಚಾಲಯ ಎಲ್ಲಿ ಎಂಬುದು. ಎರಡನೆಯದು, ಈ ಕಲ್ಲುಗಳನ್ನು ಅಷ್ಟು ಮೇಲಕ್ಕೆ ಹೇಗೆ ಏರಿಸಿದರು ಎಂಬುದು. ಎರಡಕ್ಕೂ ನನ್ನಲ್ಲಿ ಉತ್ತರವಿತ್ತು.

ನನಗೊಬ್ಬಳೇ ಮಗಳು, ಹನ್ನೊಂದು ವರ್ಷ. ಕೂಸಾಗಿದ್ದಾಗ ಹಗಲೂ ಇರುಳೂ ಒಂದೇ ಶ್ರುತಿಯಲ್ಲಿ ಕುಯ್ಯೋ ಎನ್ನುತ್ತಿದ್ದಳು. ಮನೆಯಲ್ಲಿ ಅವಳ ಹೆಸರು ಪಿಟೀಲು. ಅವಳ ಅಪ್ಪ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ ಏಳು ವರ್ಷವಾಯಿತು. ನಾನು ಕೆಲಸಕ್ಕೆ ಹೋದಾಗ ಕೆಳಗಿನ ಮನೆಯ ದೊಡ್ಡಮ್ಮ ಅವಳನ್ನು ನೋಡಿಕೊಳ್ಳುತ್ತಿದ್ದರು. ಆ ಶನಿವಾರ ದೊಡ್ಡಮ್ಮ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದರು. ರಜಾ ಕೇಳಿದರೆ ಮ್ಯಾನೇಜರು, "ನಿಮ್ಮ ಬದಲು ಬರೋಕೆ ಹತ್ತು ಜನ ಕಾಯ್ತಿದ್ದಾರೆ," ಎಂದರು. ಅದು ನಿಜವೂ ಆಗಿತ್ತು.

ಸಿಬ್ಬಂದಿಯ ಮನೆಯವರನ್ನು ಬಸ್ಸಿಗೆ ಹತ್ತಿಸಿಕೊಂಡರೆ ಕೆಲಸ ಹೋಗುತ್ತದೆ, ಗೈಡ್ ಪರವಾನಗಿಯೂ ರದ್ದಾಗುತ್ತದೆ. ಹಾಗೆಂದು ಬರೆದ ಕಾಗದಕ್ಕೆ ನಾನೂ ಡ್ರೈವರೂ ಇಬ್ಬರೂ ಸಹಿ ಹಾಕಿದ್ದೆವು. ಆದರೂ ಡ್ರೈವರ್ ನನ್ನ ಪೇಚಾಟವನ್ನು ಮೂಸಿದ ಹಾಗೆ ಕಂಡುಹಿಡಿದು, ತಾನೇ ಹೇಳಿದ.

"ನಲವತ್ನಾಲ್ಕು ಸೀಟು, ನಲವತ್ಮೂರು ಜನ. ಗಾಳೀನ ಕೂರಿಸ್ಕೊಂಡು ಹೋಗೋ ಬದ್ಲು ಮಗೂನ ಕೂರ್ಸೋಣ ಬಿಡಿ ಮೇಡಮ್ಮೋರೇ. ಡಿಪೋದಲ್ಲೇ ಹತ್ತಿಸಿಬಿಡಿ. ನಾನೇನೂ ನೋಡಿಲ್ಲ."

ಪಿಟೀಲಿಗೆ ಡಿಪೋದ ದಾರಿಯುದ್ದಕ್ಕೂ ಹೇಳಿಕೊಟ್ಟೆ: ನನ್ನನ್ನು ಅಮ್ಮ ಎನ್ನಬಾರದು, ಗೈಡ್ ಮೇಡಂ ಎನ್ನಬೇಕು. ಕೊನೆಯ ಸಾಲು ಬಿಟ್ಟು ಏಳಬಾರದು. ಪ್ರತಿ ಕೋಟೆಯಲ್ಲೂ ಡ್ರೈವರ್ ಮಾಮನ ಜೊತೆ ಎಲ್ಲರಿಗಿಂತ ಮುಂಚೆ ಬಂದು ಹತ್ತಬೇಕು, ನಾನು ಎಣಿಸುವ ಮೊದಲು.

"ನಾನು ಎಣಿಕೇಲಿ ಇಲ್ವಾ?" ಎಂದಳು.

"ಇಲ್ಲ."

"ಹಾಗಾದ್ರೆ ಕಳೆದುಹೋದ್ರೆ?"

"ನೀನು ಕಳೆದುಹೋಗೋ ಪೈಕಿ ಅಲ್ಲ. ನಿನ್ನ ಬಾಯಿ ಎಲ್ಲಿದ್ರೂ ಕೇಳಿಸುತ್ತೆ."

ಅವಳ ಪಕ್ಕದ ಸೀಟಿಗೆ ಒಬ್ಬ ಮುದುಕರು ಬಂದರು. ಐವತ್ತು ವರ್ಷ ಗಾರೆ ಕೆಲಸ ಮಾಡಿ ನಿವೃತ್ತರಾದ ಮೇಸ್ತ್ರಿ. ಒಬ್ಬರೇ ಬಂದಿದ್ದರು. ಕಿಟಕಿಯ ಸೀಟು ಅವರದು. ಅದನ್ನು ಅವಳಿಗೆ ಬಿಟ್ಟುಕೊಟ್ಟರು. ಹೊಳೆ ಕೋಟೆಯಲ್ಲಿ ನಾನು ಮೈಕಿನಲ್ಲಿ ಐನೂರು ವರ್ಷದ ಗೋಡೆ ಎನ್ನುತ್ತಿರುವಾಗ, ಅವರು ಹಿಂದಿನಿಂದ ಪಿಟೀಲಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತು.

"ಕೆಳಗಿಂದು ಐನೂರು ವರ್ಷದ್ದೇ. ಮೇಲಿನ ಮೂರು ಸಾಲು ನನಗಿಂತ ಚಿಕ್ಕವು. ನೋಡು, ಸುಣ್ಣದಲ್ಲಿ ಮೋಸ ಮಾಡಿದ್ದಾರೆ ಕಳ್ಳರು. ಆ ಕಾಲದೋರು ಹಿಂಗೆ ಮಾಡಿದ್ರೆ ಕೈ ಕಡೀತಿದ್ರು."

"ಗೈಡ್ ಮೇಡಂಗೆ ಹೇಳಿ."

"ಗೈಡ್ ಮೇಡಂ ನಿನ್ನನ್ನ ಎರಡು ಸಲ ಗುರಾಯಿಸಿದ್ರು. ಆ ಥರ ಗುರಾಯಿಸೋದು ಹೆತ್ತೋರು ಮಾತ್ರ. ನಂಗೇನೂ ಗೊತ್ತಿಲ್ಲಪ್ಪ."

ಗುಡ್ಡದ ಕೋಟೆಯಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು, "ಈ ಹುಡುಗಿ ಯಾರ ಜೊತೆ ಬಂದಿರೋದು?" ಎಂದು ಜೋರಾಗಿ ಕೇಳಿದರು. ಮೇಸ್ತ್ರಿ ಟೋಪಿ ಸರಿಮಾಡಿಕೊಳ್ಳುತ್ತ, "ನನ್ನ ಮೊಮ್ಮಗಳು. ಯಾಕೆ, ನನ್ನ ಹಾಗೆ ಚೆನ್ನಾಗಿಲ್ವಾ?" ಎಂದರು. ಆಕೆ ನಕ್ಕು ಸುಮ್ಮನಾದರು.

ಉಗ್ರಾಣದ ಕೋಟೆ ತಲುಪಿದಾಗ ಮಳೆ ಹಿಡಿದಿತ್ತು. ಕಂಪನಿಯ ಪೆಟ್ಟಿಗೆಯಿಂದ ಹಳದಿ ಪ್ಲಾಸ್ಟಿಕ್ ಮಳೆಕೋಟು ತೆಗೆದು ಎಲ್ಲರಿಗೂ ಹಂಚಿದೆ. ಒಂದು ಉಳಿಯಿತು, ಪಿಟೀಲಿಗೆ ತೊಡಿಸಿ ತಲೆಯ ಟೊಪ್ಪಿಗೆಯನ್ನು ಗಲ್ಲದ ಕೆಳಗೆ ಕಟ್ಟಿದೆ. ಉಗ್ರಾಣಕ್ಕೆ ಎಲ್ಲರನ್ನೂ ಇಳಿಸಿ, ಮಾತು ಮುಗಿಸಿ, ಮೇಲೆ ಕರೆತಂದು, ಇಪ್ಪತ್ತು ನಿಮಿಷ ಬಿಡುವು ಕೊಟ್ಟೆ. ಐದಕ್ಕೆ ಹತ್ತು ನಿಮಿಷವಿರುವಾಗ ಮಳೆ ಬಿರುಸಾಯಿತು. ಬೇರೆ ಬಸ್ಸುಗಳು ಆಗಲೇ ಹೋಗಿದ್ದವು. ನಮ್ಮವರು ಹೆಬ್ಬಾಗಿಲ ಕಮಾನಿನಿಂದ ಒಬ್ಬರ ಮೇಲೊಬ್ಬರು ಬಿದ್ದು ಬಸ್ಸಿನತ್ತ ಓಡಿದರು. ನಾನು ಬಸ್ಸಿನ ಬಾಗಿಲ ಪಕ್ಕ ನಿಂತು, ಕೈಯಲ್ಲಿದ್ದ ಎಣಿಕೆ ಯಂತ್ರದ ಗುಂಡಿಯನ್ನು ಒತ್ತುತ್ತ ಹೋದೆ. ಮುಖಗಳು ಕಾಣುತ್ತಿರಲಿಲ್ಲ. ಹಳದಿ ಟೊಪ್ಪಿಗೆ, ಹಳದಿ ಟೊಪ್ಪಿಗೆ, ಹಳದಿ ಟೊಪ್ಪಿಗೆ. ನಲವತ್ಮೂರು.

ಬೀಗದಣ್ಣ ಕಮಾನಿನ ಕೆಳಗೆ ಕೀಲಿಕೈ ಅಪ್ಪಿಕೊಂಡು ನನ್ನನ್ನೇ ನೋಡುತ್ತಿದ್ದರು. ಕೈ ಎತ್ತಿದೆ. ಬಾಗಿಲು ಮುಚ್ಚಿತು.

ಬಸ್ಸು ಮುಖ್ಯರಸ್ತೆಗೆ ಬರುವಷ್ಟರಲ್ಲಿ ಪಿಟೀಲು ಸೀಟು ಬಿಟ್ಟು ನನ್ನ ಹತ್ತಿರ ಬಂದು ನಿಂತಳು. ಮಳೆಕೋಟಿನಿಂದ ನೀರು ಸುರಿಯುತ್ತಿತ್ತು.

"ಮೇಡಂ, ತಾತ ಬಂದಿಲ್ಲ."

"ಬೇರೆ ಕಡೆ ಕೂತಿರ್ತಾರೆ. ಎಣಿಕೆ ಸರಿ ಇದೆ."

"ಇಲ್ಲ, ನಾನು ಎಲ್ಲಾ ಸೀಟೂ ನೋಡ್ದೆ. ಅವರು ಇನ್ನೊಂದ್ಸಲ ಕೆಳಗಿಳಿದು ಉಗ್ರಾಣದ ಕಮಾನು ನೋಡ್ಬೇಕು ಅಂತಿದ್ರು."

"ನೀನು ಯಾವಾಗ ಹತ್ತಿದ್ದು? ಮಾಮನ ಜೊತೆ ಮುಂಚೆನೇ ಹತ್ತಿದ್ಯಲ್ಲ?"

ಅವಳು ಉತ್ತರ ಹೇಳುವ ಮುಂಚೆ ಮುಂದಿನ ಸಾಲಿನ ಹೆಂಗಸು ಇತ್ತ ತಿರುಗಿದರು. ನಾನು ದನಿ ತಗ್ಗಿಸಿ, "ಹೋಗಿ ಕೂತ್ಕೋ. ಎಲ್ರೂ ನೋಡ್ತಿದ್ದಾರೆ," ಎಂದೆ. ಅವಳು ಹೋಗಿ ಕೂತಳು.

ಆಗ ಎದ್ದು ಒಂದು ಸಲ ಸಾಲುಗಳ ನಡುವೆ ನಡೆದಿದ್ದರೆ ಸಾಕಿತ್ತು. ಕೋಟೆ ಎರಡೇ ಮೈಲಿ ಹಿಂದಿತ್ತು. ನಡೆದರೆ, ಎಣಿಸಿದರೆ, ಬಸ್ಸು ತಿರುಗಿಸಿದರೆ, ನಲವತ್ಮೂರನೆಯ ಟೊಪ್ಪಿಗೆಯೊಳಗಿದ್ದದ್ದು ನನ್ನ ಮಗಳೆಂದು ಎಲ್ಲರ ಎದುರು ಹೇಳಬೇಕಾಗುತ್ತಿತ್ತು. ನಾನು ಮೈಕ್ ತೆಗೆದುಕೊಂಡು, ಇಳಿಯುವ ನಿಲ್ದಾಣಗಳ ಹೆಸರು ಓದಿದೆ. ನಗರದಲ್ಲಿ ನಾಲ್ಕು ಕಡೆ ಜನ ಇಳಿದುಹೋದರು. ಯಾರೂ ಯಾರನ್ನೂ ಹುಡುಕಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೋಟೆಯ ಗುಡಿಸುವಾಕೆ ಉಗ್ರಾಣಕ್ಕೆ ಇಳಿದಾಗ ಮೇಸ್ತ್ರಿ ಸಿಕ್ಕರು. ಕೆಳಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಹತ್ತೊಂಬತ್ತು ಮೆಟ್ಟಿಲುಗಳಲ್ಲಿ ಹನ್ನೊಂದನ್ನು ತೆವಳಿಕೊಂಡು ಹತ್ತಿದ್ದರು. ಅಲ್ಲಿ ಗೋಡೆಗೆ ಕಲ್ಲಿನಿಂದ ಕುಟ್ಟಿದ ಗುರುತುಗಳಿದ್ದವು, ತುಂಬ ಹೊತ್ತು ಕುಟ್ಟಿದ ಹಾಗೆ. ಫೋನು ಜೇಬಿನಲ್ಲಿತ್ತು, ನೆಲದಡಿ ಸಿಗ್ನಲ್ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ, ಆ ಚಳಿಯಲ್ಲಿ, ಬೆಳಗಿನ ಜಾವದವರೆಗೆ ಜೀವವಿದ್ದಿರಬಹುದು ಎಂದರು ಡಾಕ್ಟರು.

ಸುದ್ದಿ ನನ್ನ ಬಾಯಿಂದಲೇ ಪಿಟೀಲಿಗೆ ಗೊತ್ತಾಯಿತು. ಅವಳು ಶಾಲೆಯ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಅಳಲಿಲ್ಲ.

"ನಾನು ಹೇಳಿದ್ನಲ್ಲಮ್ಮ," ಎಂದಳು. ಆಮೇಲೆ ಇನ್ನೊಂದು ಬೂಟು ಎತ್ತಿಕೊಂಡಳು.

ಕೋಟೆ ಇಲಾಖೆಯವರು ವಿಚಾರಣೆ ಇಟ್ಟರು. ಅದಕ್ಕೆ ಎರಡು ದಿನ ಮುಂಚೆ ಡಿಪೋದಲ್ಲಿ ಬಸ್ಸು ತೊಳೆಯುವ ಕಡೆ ಡ್ರೈವರ್ ನನ್ನನ್ನು ಹಿಡಿದ. ಕೈಯಲ್ಲಿ ನೀರಿನ ಪೈಪು ಇತ್ತು, ನೀರು ಸುಮ್ಮನೆ ಹರಿಯುತ್ತಿತ್ತು.

"ಸತ್ಯ ಹೇಳೋ ಹುಚ್ಚೇನಾದ್ರೂ ಹತ್ತಿದ್ಯಾ?"

"ಎಣಿಕೆ ತಪ್ಪಿದ್ದು ನನ್ನಿಂದ."

"ತಪ್ಪಿದ್ದು ಹೇಗೆ ಅಂತ ಕೇಳ್ತಾರಲ್ಲ, ಆಗ? ಮಗಳು ಬರ್ತಾಳೆ. ಮಗಳ ಹಿಂದೆ ನಾನು ಬರ್ತೀನಿ. ಮೂರು ಜನ ಬೀದಿಗೆ ಬೀಳ್ತೀವಿ. ಸತ್ತೋರು ಎದ್ದು ಬರ್ತಾರಾ?"

"ಬೀಗದಣ್ಣ ಏನ್ಮಾಡ್ಬೇಕು?"

"ಸುತ್ತು ಹಾಕದೆ ಸಹಿ ಹಾಕಿದ್ದು ಅವ್ರ ಕೈ, ನಿಮ್ಮ ಕೈ ಅಲ್ಲ." ಪೈಪನ್ನು ಚಕ್ರದ ಕಡೆ ತಿರುಗಿಸಿದ. "ನಂಗೂ ಬೇಜಾರಾಗುತ್ತೆ. ಬೇಜಾರಲ್ಲಿ ಮನೆ ನಡೆಯಲ್ಲ."

ಮಾರನೇ ದಿನ ಬೀಗದಣ್ಣ ಮನೆಗೇ ಬಂದರು. ಮೂರು ಮಹಡಿ ಹತ್ತಿ ಬಂದವರು ಬಾಗಿಲಲ್ಲಿ ಮಂಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ನಮ್ಮಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರ ಮೇಲೆ ಇಸ್ತ್ರಿಯ ಬಟ್ಟೆ. ಪಿಟೀಲು ಬಟ್ಟೆ ತೆಗೆದು ಕೂರಲು ಹೇಳಿದಳು. ಟೀ ಕೊಟ್ಟೆ.

"ಎಂಟು ತಿಂಗಳಿದೆ ನಿವೃತ್ತಿಗೆ," ಎಂದರು. "ಡಿಸ್ಮಿಸ್ ಆದ್ರೆ ಪಿಂಚಣಿ ಇಲ್ಲ. ಮನೆಯವಳಿಗೆ ಸಕ್ಕರೆ ಕಾಯಿಲೆ, ನಿಂಗೇ ಗೊತ್ತು. ಯೂನಿಯನ್ನಿನೋರು ಏನಂದ್ರು ಅಂದ್ರೆ, ಗೈಡ್ ಎಣಿಸಿ ಸರಿ ಇದೆ ಅಂದಿದ್ರು, ಅವ್ರ ಮಾತು ನಂಬಿ ಬೀಗ ಹಾಕಿದ್ದು ಅಂತ ಸಾಬೀತಾದ್ರೆ, ಸಂಬಳದಲ್ಲಿ ಒಂದೆರಡು ಬಡ್ತಿ ಕಡಿಮೆ ಮಾಡಿ ಬಿಡ್ತಾರಂತೆ."

ನಾನು ಅವರ ಲೋಟಕ್ಕೆ ಇನ್ನಷ್ಟು ಟೀ ಸುರಿದೆ.

"ಹದಿಮೂರು ವರ್ಷದಿಂದ ನೀನು ಕೈ ಎತ್ತಿದ ಮೇಲೆ ಬೀಗ ಹಾಕ್ತಿದ್ದೆ ಅಂತಷ್ಟೇ ಬರೆದುಕೊಟ್ಟಿದ್ದೀನಿ. ಉಳಿದಿದ್ದು ಅವಳೇ ಹೇಳ್ತಾಳೆ ಅಂದೆ." ಟೀ ಪೂರ್ತಿ ಕುಡಿದು, ಲೋಟ ತೊಳೆಯಲು ತಾವೇ ಎದ್ದರು, ಪಿಟೀಲು ಕೈಯಿಂದ ತೆಗೆದುಕೊಂಡಳು. "ಆ ಮುದುಕಪ್ಪ ರಾತ್ರಿಯೆಲ್ಲ ಕುಟ್ಟಿದ್ರಂತಮ್ಮ. ನಾನು ಮನೇಲಿ ಕಾಲಿಗೆ ಬಿಸಿನೀರು ಇಟ್ಕೊಂಡು ಕೂತಿದ್ದೆ."

ಅವರು ಒಂದೊಂದೇ ಮೆಟ್ಟಿಲು ಇಳಿದು ಹೋಗುವ ಸದ್ದು ಕೆಳಗಿನ ಬಾಗಿಲವರೆಗೂ ಕೇಳಿಸಿತು. ಪಿಟೀಲು ಲೋಟ ಒರೆಸುತ್ತ, "ನಾಳೆ ನಾನೂ ಬರ್ತೀನಾ?" ಎಂದಳು. "ನಾನು ಬಸ್ಸಲ್ಲಿದ್ದೆ ಅಂತ ಹೇಳ್ಬೇಕಲ್ಲ."

ಅವಳನ್ನು ಎದುರಿಗೆ ಕೂರಿಸಿಕೊಂಡೆ. ನನ್ನ ಕೆಲಸ ಹೋದರೆ ಈ ಮನೆ ಬಿಡಬೇಕಾಗುತ್ತದೆ, ಅವಳ ಶಾಲೆ ಬಿಡಬೇಕಾಗುತ್ತದೆ, ಡ್ರೈವರ್ ಮಾಮನ ಮಕ್ಕಳದೂ ಅದೇ ಗತಿ ಎಂದು ಹೇಳಿದೆ. ಎಲ್ಲವೂ ನಿಜ. ಆಮೇಲೆ ನಿಜವಲ್ಲದ್ದನ್ನು ಹೇಳಿಕೊಟ್ಟೆ. ಶನಿವಾರ ಅವಳಿಗೆ ಜ್ವರವಿತ್ತು. ಮನೆಯಲ್ಲಿ ಮಲಗಿದ್ದಳು. ಬೀಗ ಹೊರಗಿನಿಂದ ಹಾಕಿತ್ತು.

"ದೊಡ್ಡಮ್ಮ ಆಸ್ಪತ್ರೇಲಿದ್ರು, ಹಾಗಾಗಿ ಒಬ್ಬಳೇ ಇದ್ದೆ ಅನ್ನಲಾ?" ಎಂದಳು.

"ಹೂಂ."

"ಮಧ್ಯಾಹ್ನ ಬ್ರೆಡ್ ತಿಂದೆ ಅನ್ನಲಾ? ಜ್ವರ ಇದ್ದೋರು ಅದೇ ತಿನ್ನೋದು."

ನಾನು ಅವಳ ತಲೆ ಸವರಲು ಕೈ ಚಾಚಿದೆ. ಅವಳು ಲೋಟ ಇಡಲು ಎದ್ದುಹೋದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಕುಂಟುತ್ತ ತಿರುಗುವ ಒಂದು ಫ್ಯಾನು, ಗೋಡೆಗೆ ಮೂರೂ ಕೋಟೆಗಳ ಬಣ್ಣದ ಚಿತ್ರಗಳು ಇದ್ದವು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಅವರ ಮುಂದೆ ನನ್ನ ಪ್ರವಾಸದ ಹಾಳೆ ಇತ್ತು. ಮೂರು ಕೋಟೆ, ಮೂರು ಸಲ ನಲವತ್ಮೂರು, ನನ್ನದೇ ಅಕ್ಷರ.

"ಕೊನೆಯ ಎಣಿಕೆ ಸರಿ ಇತ್ತಾ?"

"ಸರಿ ಇತ್ತು."

"ಹಾಗಾದ್ರೆ ಅವರು ಒಳಗೆ ಹೇಗೆ ಉಳಿದ್ರು?"

"ಎಣಿಸಿದ ಮೇಲೆ ಇಳಿದು ಹೋಗಿರಬಹುದು. ಮಳೆ ಜೋರಾಗಿತ್ತು. ಕೋಟೆ ಬಾಗಿಲು ಇನ್ನೂ ತೆಗೆದಿತ್ತು."

"ನೀವು ಕೈ ಎತ್ತಿ ಸನ್ನೆ ಮಾಡ್ತಿದ್ರಿ, ಹದಿಮೂರು ವರ್ಷದಿಂದ ಹಾಗೇ ನಡೀತಿತ್ತು ಅಂತ ಕಾವಲುಗಾರರು ಬರೆದಿದ್ದಾರೆ."

"ಅಂಥ ಒಪ್ಪಂದ ಏನೂ ಇರ್ಲಿಲ್ಲ ಮೇಡಂ. ಹಿರಿಯರು ಅಂತ ಹೊರಡೋವಾಗ ಕೈ ಬೀಸ್ತೀನಿ. ಎಲ್ಲಾ ಕೋಟೇಲೂ ಬೀಸ್ತೀನಿ. ಸುತ್ತು ಹಾಕೋದು ಅವರ ಕೆಲಸ, ಅವರು ಹಾಕಿರ್ತಾರೆ ಅಂತ ನಾನು ನಂಬಿದ್ದೆ."

ಇದನ್ನು ನಾನು ತಡವರಿಸದೆ ಹೇಳಿದೆ. ಇಷ್ಟು ವರ್ಷ ಮೈಕ್ ಹಿಡಿದ ಗಂಟಲು. ಯಾವುದನ್ನು ಬೇಕಾದರೂ ಕಣ್ಣಾರೆ ಕಂಡ ಹಾಗೆ ಹೇಳುತ್ತದೆ.

ಅವರು ಹಾಳೆ ಮಗುಚಿದರು. "ಮೃತರು ತಮ್ಮ ಮೊಮ್ಮಗಳ ಜೊತೆ ಬಂದಿದ್ರು ಅಂತ ಒಬ್ಬ ಪ್ರಯಾಣಿಕರು ಹೇಳ್ತಾರೆ. ಅವರ ಮಗ, ಇಲ್ಲ, ಅಪ್ಪ ಒಬ್ಬರೇ ಹೋಗಿದ್ದು ಅಂತಾರೆ. ಆ ಹುಡುಗಿ ಯಾರು?"

"ಬಸ್ಸಲ್ಲಿ ನಾಲ್ಕು ಮಕ್ಕಳಿದ್ರು. ಯಾರ ಮಗೂನೋ ಮಾತಾಡಿಸಿರ್ತಾರೆ. ವಯಸ್ಸಾದೋರು."

"ನಿಮಗೊಬ್ಬಳು ಮಗಳಿದ್ದಾಳಲ್ವಾ? ಹೊರಗೆ ಕೂತಿರೋದು ಅವಳೇನಾ?"

ಅವಳನ್ನು ಕರೆದರು. ಶಾಲೆಯ ಸಮವಸ್ತ್ರದಲ್ಲಿ ಬಂದು ಮೇಜಿನ ಮುಂದೆ ಕೈಕಟ್ಟಿ ನಿಂತಳು. ಅಧಿಕಾರಿ ಅವಳಿಗೆ ಕುರ್ಚಿ ತೋರಿಸಿ, ಮೆತ್ತಗೆ, "ಹೋದ ವಾರದ ಹಿಂದಿನ ಶನಿವಾರ ಎಲ್ಲಿದ್ದೆ ಮರಿ?" ಎಂದು ಕೇಳಿದರು.

"ಮನೇಲಿ. ಜ್ವರ ಇತ್ತು."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅಮ್ಮ ಹೊರಗಿಂದ ಬೀಗ ಹಾಕಿದ್ರು." ಆಮೇಲೆ ತಾನಾಗಿಯೇ, "ಅದನ್ನ ಯಾರಿಗೂ ಹೇಳ್ಬೇಡ ಅಂದಿದ್ರು. ಮಕ್ಕಳನ್ನ ಕೂಡಿಹಾಕಿದ್ರೆ ಬೈತಾರಂತೆ," ಎಂದಳು.

ಆ ಕೊನೆಯ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಧಿಕಾರಿಯ ಮುಖ ಸಡಿಲವಾಯಿತು. ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಬಗೆಯ ಕನಿಕರವಿತ್ತು, ಅವರೂ ತಾಯಿಯಿರಬೇಕು. "ಸರಿ, ಹೋಗಿ," ಎಂದರು.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಬೀಗದಣ್ಣ ಕೂತಿದ್ದರು. ಮುಂದಿನ ಸರದಿ ಅವರದು. ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಗುಂಡಿಯವರೆಗೂ ಹಾಕಿಕೊಂಡಿದ್ದರು. ನಮ್ಮನ್ನು ಕಂಡು ಬೆಂಚು ಹಿಡಿದು ಎದ್ದರು.

"ಹೇಳಿದ್ಯಾ ಅಮ್ಮ?"

"ಹೇಳಿದೆ ಅಣ್ಣ."

"ಒಳ್ಳೇದಾಗ್ಲಿ," ಎಂದು ಪಿಟೀಲಿನ ಕೆನ್ನೆ ತಟ್ಟಿ ಒಳಗೆ ಹೋದರು. ಮಂಡಿ ಬಗ್ಗದ ಕಾಲನ್ನು ಹೊಸ್ತಿಲು ದಾಟಿಸಲು ಕೈಯಿಂದ ಎತ್ತಿಡಬೇಕಾಯಿತು.

ಬಸ್ ಸ್ಟಾಪಿನವರೆಗೆ ಪಿಟೀಲು ನನ್ನ ಕೈ ಹಿಡಿಯಲಿಲ್ಲ. ಬಸ್ಸಿನಲ್ಲಿ ಎರಡು ಸೀಟು ಒಟ್ಟಿಗೆ ಖಾಲಿ ಇದ್ದರೂ ಬೇರೆ ಸಾಲಿನಲ್ಲಿ ಕೂತಳು. ಇಳಿಯುವಾಗ, "ಮೇಡಂ, ನಮ್ಮ ಸ್ಟಾಪು," ಎಂದಳು. ನಾನು ಅವಳನ್ನು ತಿದ್ದಲಿಲ್ಲ.

ಮೂರು ವಾರದ ಮೇಲೆ ಆದೇಶ ಬಂತು. ಕರ್ತವ್ಯಲೋಪ, ಸುಳ್ಳು ಸಹಿ. ಕಾವಲುಗಾರ ಕೆಲಸದಿಂದ ವಜಾ, ಪಿಂಚಣಿ ಇಲ್ಲ. ನನಗೂ ಡ್ರೈವರನಿಗೂ ಮುಂದೆ ಎಚ್ಚರವಾಗಿರಬೇಕೆಂದು ಒಂದು ಸಾಲಿನ ಪತ್ರ. ಬೀಗದಣ್ಣ ಆಮೇಲೆ ನನ್ನ ಮನೆಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಅವರ ಮನೆಯಾಕೆ ಒಂದು ಸಲ ಡಿಪೋದ ಗೇಟಿನವರೆಗೆ ಬಂದು, ನಾನು ಹೊರಗೆ ಬರುವವರೆಗೂ ಕಾದು, ನನ್ನ ಮುಖವನ್ನು ಒಂದು ನಿಮಿಷ ನೋಡಿ, ಮಾತಾಡದೆ ಹೊರಟುಹೋದರು. ನಾನು ಈಗಲೂ ಮೂರು ಕೋಟೆ ತೋರಿಸುತ್ತೇನೆ.

ಎಣಿಕೆ ತಪ್ಪಿದರೆ ಆ ತಪ್ಪು ನನ್ನದೆಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೇಳಲಿಲ್ಲ.